ಹದಿನಾರು ಖಾನೆಗಳಲ್ಲಿ ಹಿಡಿಯದ ಹೆಸರು

ಸಾಲ್ಕಿನಾಯ್‌ಗೆ ಚಿಕ್ಕಂದಿನಿಂದಲೂ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಿರ್ಗಿಜ್ ನಾಡಿನ ಉಜ್ಗೆನ್ ಪೇಟೆಯಲ್ಲಿ ಅವಳ ತಾಯಿ ಮಾಂಸದ ಹೂರಣ ತುಂಬಿದ ಸಮ್ಸಾ ಸುಟ್ಟು ಮಾರುತ್ತಿದ್ದಳು. ನಾಲ್ವರು ಹೆಣ್ಣುಮಕ್ಕಳಲ್ಲಿ ಇವಳು ಮೂರನೆಯವಳು. ಕಾದ ತಂದೂರಿನ ಒಳಗೋಡೆಯಿಂದ ಸಮ್ಸಾ ಕೀಳುವಾಗ ಅಕ್ಕಂದಿರಿಬ್ಬರೂ ಮೊಣಕೈವರೆಗೆ ಬೊಬ್ಬೆ ಎಬ್ಬಿಸಿಕೊಂಡಿದ್ದರೆ, ಇವಳ ಕೈ ಮೇಲೆ ಒಂದು ಕಲೆಯೂ ಇರಲಿಲ್ಲ. "ಇವಳ ಕೈ ಒಳಗೆ ಹೋಗಿದ್ದು ಬೆಂಕಿಗೇ ಗೊತ್ತಾಗಲ್ಲ" ಅಂತ ತಾಯಿ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದಳು.

ಓಶ್ ನಗರದಲ್ಲಿ ಕಾಲೇಜು ಓದುವಾಗ ಖರ್ಚಿಗೆಂದು ನದಿ ಪಕ್ಕದ ಬಜಾರಿನಲ್ಲಿ ಫೋನ್ ರಿಪೇರಿ ಅಂಗಡಿಯೊಂದಕ್ಕೆ ಸೇರಿಕೊಂಡಳು. ಅಲ್ಲಿಗೆ ಒಂದು ದಿನ ಹಾಶಿಮ್‌ಜಾನ್ ಅಕಾ ಬಂದರು. ಉಜ್ಬೆಕ್ ಮನೆತನದ ಮುದುಕರು, ಎಲ್ಲರಿಗೂ ಅಕಾ, ಅಂದರೆ ಅಣ್ಣ; ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಅಳತೆ ಯಂತ್ರಗಳ ಎಂಜಿನಿಯರ್ ಆಗಿದ್ದವರು. ರಿಪೇರಿಯಾದ ಫೋನನ್ನು ಬಿಚ್ಚಿ, ಕನ್ನಡಕ ಹಣೆಗೇರಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಯಾರಮ್ಮ ಇದಕ್ಕೆ ಬೆಸುಗೆ ಹಾಕಿದ್ದು?"

"ನಾನೇ. ಯಾಕೆ ಅಕಾ, ತಪ್ಪಾಯ್ತಾ?"

"ತಪ್ಪಾಗಿದ್ರೆ ಕೇಳ್ತಿರ್ಲಿಲ್ಲ, ಬೈತಿದ್ದೆ. ನಾಳೆಯಿಂದ ನನ್ನ ವರ್ಕ್‌ಶಾಪಿಗೆ ಬಾ."

ಹಾಗೆ ಶುರುವಾಯಿತು. ಮೂರು ಕೋಣೆಯ ಆ ವರ್ಕ್‌ಶಾಪಿನಲ್ಲಿ ಬೆಟ್ಟದ ಊರುಗಳಿಗೆ ನೆರೆ ಎಚ್ಚರಿಕೆಯ ಯಂತ್ರಗಳನ್ನು ಕಟ್ಟುತ್ತಿದ್ದರು. ಹಳ್ಳದ ಮೇಲ್ಗಡೆ ಒಂದು ಕಂಬ; ಕಂಬದ ತುದಿಯಲ್ಲಿ ನೀರಿನ ಎತ್ತರ ಅಳೆಯುವ ಕಣ್ಣು; ಕೆಳಗೆ ಯಾರದಾದರೂ ಅಂಗಳದಲ್ಲಿ ಒಂದು ಪೆಟ್ಟಿಗೆ, ಅದರ ಮೇಲೆ ಅಂಗೈಯಗಲದ ಪರದೆ, ಪಕ್ಕದಲ್ಲಿ ಸೈರನ್. ನೀರು ಗೊತ್ತಾದ ಮಟ್ಟ ದಾಟಿದರೆ ಸೈರನ್ ಕೂಗಬೇಕು, ಜನ ಗುಡ್ಡ ಹತ್ತಬೇಕು. ಪೆಟ್ಟಿಗೆಯೊಳಗಿನ ಬುದ್ಧಿಯೆಲ್ಲ ಸಿ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಅದನ್ನು ಹಾಶಿಮ್‌ಜಾನ್ ಅಕಾ ಅವಳಿಗೆ ಕಲಿಸಿದರು. ಮಧ್ಯಾಹ್ನ ಹಸಿರು ಚಹಾ ಬಗ್ಗಿಸಿಕೊಂಡು, ರೊಟ್ಟಿ ಮುರಿದುಕೊಂಡು, ಹಳೆಯ ಬಿಲ್ಲುಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸುತ್ತ ಎರಡು ವರ್ಷ ಕಲಿಸಿದರು. ಇವತ್ತಿಗೂ ಸಾಲ್ಕಿನಾಯ್ ಆ ಬಿಲ್ಲುಗಳನ್ನು ಬಿಸಾಡಿಲ್ಲ.

ಮೊದಲನೇ ವಾರವೇ ಅವರು ಹೇಳಿದ್ದರು: "ಬೇರೆ ಭಾಷೆಗಳು ತಾಯಿ ಇದ್ದ ಹಾಗೆ ಕಣಮ್ಮ, ನೀನು ಹೆಚ್ಚು ತಿಂದ್ರೆ ತಟ್ಟೆ ಕಿತ್ಕೊಳ್ತವೆ. ಸಿ ಹಾಗಲ್ಲ. ಅಕ್ಷರ ಇಡೋಕೆ ಇಷ್ಟು ಖಾನೆ ಅಂತ ನೀನು ಹೇಳ್ತೀಯ. ಅದಕ್ಕಿಂತ ಜಾಸ್ತಿ ತುಂಬಿದ್ರೆ ಅದು ತುಟಿ ಪಿಟಕ್ಕನ್ನಲ್ಲ, ಪಕ್ಕದ ಖಾನೆಗೆ ಸುರೀತಾ ಹೋಗುತ್ತೆ. ಪಕ್ಕದಲ್ಲಿ ಏನಿತ್ತೋ ಅದು ಹೋಯ್ತು ಅಂತ್ಲೇ ಲೆಕ್ಕ. ಮಾತು ಮುಗೀತು ಅನ್ನೋದಕ್ಕೆ ಕೊನೇಲಿ ಒಂದು ಸೊನ್ನೆ. ಆ ಸೊನ್ನೆಗೂ ಒಂದು ಖಾನೆ ಬೇಕು, ಮರೀಬೇಡ."

"ಮರೆಯಲ್ಲ ಅಕಾ."

"ಎಲ್ಲರೂ ಹಾಗೇ ಅಂತಾರೆ."

ಅವಳು ಮರೆಯಲಿಲ್ಲ, ಆದರೆ ಅವಸರ ಮಾಡಿದಳು. ಅವಳ ಕೈಯ ಮೊದಲ ಸ್ವಂತ ಕೆಲಸ ಊರಿನ ಹೆಸರು ಪರದೆಯ ಮೇಲೆ ತೋರಿಸುವುದು. ಹೆಸರಿಗೆ ಹದಿನಾರು ಖಾನೆ ಇಟ್ಟಳು. ಅದಕ್ಕೆ ತಾಗಿಕೊಂಡೇ ಅಪಾಯದ ಮಟ್ಟದ ಅಂಕಿ, ಅದರಾಚೆ ಮುಂದೆ ಬೇಕಾದೀತೆಂದು ಬಿಟ್ಟ ಖಾಲಿ ಜಾಗ. ಹೆಸರನ್ನು ಅಳೆಯದೆ, ಸೊನ್ನೆ ಸಿಗುವ ತನಕ ಸುಮ್ಮನೆ ನಕಲು ಮಾಡುವ ಹಳೇ ಆಜ್ಞೆಯೊಂದಿದೆ, ಅದನ್ನೇ ಬಳಸಿದಳು. ಪರೀಕ್ಷೆಗೆ ಇಂಗ್ಲಿಷ್ ಅಕ್ಷರಗಳ ಹೆಸರು ಕೊಟ್ಟು ನೋಡಿದಳು, ಸರಿಯಾಗಿ ಬಂತು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಖಾನೆ ಸಾಕು, ಕಿರ್ಗಿಜ್ ಬರವಣಿಗೆಯ ಒಂದಕ್ಷರಕ್ಕೆ ಎರಡು ಖಾನೆ ಬೇಕು ಅನ್ನುವುದು ಆ ಹೊತ್ತಿಗೆ ಅವಳ ತಲೆಗೆ ಹೊಳೆಯಲಿಲ್ಲ. ಹಾಶಿಮ್‌ಜಾನ್ ಅಕಾ ಆಗ ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಆಸ್ಪತ್ರೆಯಲ್ಲಿದ್ದರು. ಕಾಗದದ ಮೇಲೆ ಅಚ್ಚು ಹಾಕಿ ತಂದುಕೊಟ್ಟ ಕೋಡನ್ನು ಮಂಚದ ಮೇಲೆ ಮಲಗಿಕೊಂಡೇ ತಿರುವಿಹಾಕಿ ಸಹಿ ಮಾಡಿದರು.

ಉಜ್ಗೆನ್‌ನಿಂದ ಮೇಲೆ, ವಾಲ್‌ನಟ್ ಕಾಡಿನ ಅಂಚಿನಲ್ಲಿ ಆಕ್-ಸೂ ಅಂತ ಒಂದು ಊರು. ಅಲ್ಲಿನ ಪೆಟ್ಟಿಗೆಯನ್ನು ಶಾರಿಪಾ ಅಪಾಳ ಅಂಗಳದಲ್ಲಿ ನಿಲ್ಲಿಸಿದರು. ಅರವತ್ತೆಂಟರ ಹೆಂಗಸು, ಊರಿಗೆಲ್ಲ ಅಪಾ, ಅಂದರೆ ಅಮ್ಮ; ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು, ಗಂಡ ತೀರಿಕೊಂಡಿದ್ದ. ದಿನಕ್ಕೆ ಮೂರು ಸಲ ಪರದೆ ನೋಡಿ ನೀರಿನ ಅಂಕಿ ಪುಸ್ತಕದಲ್ಲಿ ಬರೆಯಬೇಕು, ತಿಂಗಳಿಗೊಮ್ಮೆ ಗುಂಡಿ ಒತ್ತಿ ಸೈರನ್ ಕೂಗಿಸಿ ನೋಡಬೇಕು, ಇಷ್ಟೇ ಅವಳ ಕೆಲಸ. ಅವಳು ಅದನ್ನು ಮೊಮ್ಮಗುವಿನ ಜ್ವರ ನೋಡುವ ಹಾಗೆ ನೋಡಿಕೊಂಡಳು. "ಇವತ್ತು ನಲವತ್ತು. ಹಿಮ ಕರಗ್ತಿದೆ" ಅಂತ ಪಕ್ಕದ ಮನೆಯವರಿಗೆಲ್ಲ ಹೇಳುತ್ತಿದ್ದಳು. ಅಪಾಯದ ಮಟ್ಟ ನೂರ ನಲವತ್ತು ಸೆಂಟಿಮೀಟರ್ ಅನ್ನುವುದು ಅವಳಿಗೆ ಬಾಯಿಪಾಠ.

ಎರಡು ವರ್ಷ ಕಳೆದ ಮೇಲೆ ಊರಿನ ಹೆಸರು ಬದಲಾಯಿತು. ದೇಶದಲ್ಲಿ ಆಕ್-ಸೂ ಅನ್ನುವ ಊರುಗಳು ಹತ್ತಾರಿವೆ, ಒಬ್ಬರ ಕಾಗದ ಇನ್ನೊಬ್ಬರ ಊರಿಗೆ ಹೋಗುತ್ತಿತ್ತು. ಕಷ್ಟದ ವರ್ಷಗಳಲ್ಲಿ ಸಂಬಳವಿಲ್ಲದೆ ಶಾಲೆ ನಡೆಸಿದ ಮಾಮಿರ್‌ಬಾಯ್ ಮೇಷ್ಟ್ರ ಹೆಸರನ್ನೇ ಊರಿಗಿಡೋಣ ಅಂತ ಎಲ್ಲರೂ ಕೂಡಿ ತೀರ್ಮಾನಿಸಿದರು: ಮಾಮಿರ್‌ಬಾಯ್-ಆತಾ, ಅಂದರೆ ಮಾಮಿರ್‌ಬಾಯ್ ಅಪ್ಪ. ಆ ದಿನ ಸಾಲ್ಕಿನಾಯ್ ಲ್ಯಾಪ್‌ಟಾಪ್ ತಂದು, ತಂತಿ ಸಿಕ್ಕಿಸಿ, ಎಲ್ಲರೆದುರಿಗೆ ಪೆಟ್ಟಿಗೆಯಲ್ಲೂ ಹೆಸರು ಬದಲಾಯಿಸಿದಳು. ಪರದೆಯ ಮೇಲೆ ಹೊಸ ಹೆಸರು ಒಂದಕ್ಷರವೂ ತಪ್ಪದೆ ಮೂಡಿತು. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಶಿಷ್ಯೆಯೂ ಆಗಿದ್ದ ಶಾರಿಪಾ ಅಪಾ ಕಣ್ಣೊರೆಸಿಕೊಂಡು, ಇವಳ ಚೀಲಕ್ಕೆ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ತುರುಕಿ ಕಳಿಸಿದಳು.

ಆ ವರ್ಷ ಹಳ್ಳದ ನೀರು ನೂರು ದಾಟಲಿಲ್ಲ. ಮರುವರ್ಷವೂ ಇಲ್ಲ. ತಿಂಗಳಿಗೊಮ್ಮೆ ಗುಂಡಿ ಒತ್ತಿದಾಗಲೆಲ್ಲ ಸೈರನ್ ಕೂಗಿತು. ಗುಂಡಿಯಿಂದ ಸೈರನ್ನಿಗೆ ನೇರ ತಂತಿ, ಮಟ್ಟದ ಅಂಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಅದರ ಮುಂದಿನ ಮೇ ತಿಂಗಳು, ವರ್ಷದ ಪಾಠ ಮುಗಿದು ಶಾಲೆಯ ಕೊನೆಯ ಗಂಟೆ ಬಾರಿಸುವ ಹಬ್ಬದ ದಿನ. ಮಳೆಯಿಂದಾಗಿ ಬೆಳಗಿನ ಕಾರ್ಯಕ್ರಮ ಮಧ್ಯಾಹ್ನಕ್ಕೆ ಹೋಗಿತ್ತು. ಹಳ್ಳದ ಪಕ್ಕದ ಶಾಲೆಯ ಅಂಗಳದಲ್ಲಿ ಬಿಳಿ ರಿಬ್ಬನ್ ಕಟ್ಟಿದ ಹುಡುಗಿಯರು, ತೊಳೆದ ಕಲ್ಪಾಕ್ ಟೊಪ್ಪಿಯ ತಾತಂದಿರು, ಊರಿಗೆ ಊರೇ ಸೇರಿತ್ತು. ಊರಿನಲ್ಲಿ ಬಿಸಿಲು ಬಂದಿತ್ತು. ಮೇಲಿನ ಬೆಟ್ಟದ ತಲೆ ಮಾತ್ರ ಕಪ್ಪಾಗಿತ್ತು. ಶಾರಿಪಾ ಅಪಾ ಮಕ್ಕಳಿಗೆ ಹಂಚಲು ತಂದೂರಿನಲ್ಲಿ ರೊಟ್ಟಿ ಸುಡುತ್ತ ಮನೆಯಲ್ಲೇ ಉಳಿದಿದ್ದಳು. ನಡುವೆ ಎದ್ದುಹೋಗಿ ಪರದೆ ನೋಡಿದಳು. ಎಂಬತ್ತೆಂಟು. ಇನ್ನೆರಡು ರೊಟ್ಟಿ ತೆಗೆದು ಬಂದು ನೋಡಿದರೆ ನೂರ ಮೂವತ್ತೊಂದು. ಅಲ್ಲೇ ನಿಂತಳು. ನೂರ ನಲವತ್ತೊಂಬತ್ತು. ಸೈರನ್ ಸುಮ್ಮನಿತ್ತು. ನೂರ ಅರವತ್ತಮೂರು. ಆಗಲೂ ಸುಮ್ಮನಿತ್ತು.

ತಿಂಗಳ ಪರೀಕ್ಷೆಯ ಗುಂಡಿ ನೆನಪಾಗಿ ಒತ್ತಿದಳು. ಸೈರನ್ ಕೂಗಿತು. ಕೆಳಗೆ ಶಾಲೆಯಲ್ಲಿ ಸಂಗೀತ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಅಪಾ ತಿಂಗಳಿಗೊಮ್ಮೆ ಒತ್ತುವುದು ಎಲ್ಲರಿಗೂ ಗೊತ್ತಿತ್ತಲ್ಲ, ಪರೀಕ್ಷೆ ಅಂದುಕೊಂಡರು. ಶಾರಿಪಾ ಅಪಾ ಕಾಜಾನ್ ಬಾಣಲೆಯ ಮುಚ್ಚಳ ಎತ್ತಿಕೊಂಡು, ಸೌಟಿನಿಂದ ಬಡಿಯುತ್ತ, ಹಿಟ್ಟಿನ ಕೈಯಲ್ಲೇ ಇಳಿಜಾರಿನಲ್ಲಿ ಓಡಿದಳು.

"ಏನು ಅಪಾ, ಯಾರ ಮದುವೆ?" ಅಂತ ಒಬ್ಬ ನಕ್ಕ.

"ನಿನ್ನ ಮದುವೆ ಮಾಡ್ತೀನಿ ಬಾ! ನೀರು ಬರ್ತಿದೆ, ಕಿವಿ ಇಲ್ವಾ? ಮಕ್ಕಳನ್ನ ಎತ್ಕೊಳ್ರೋ! ಗುಡ್ಡ ಹತ್ರೋ!"

ಅವಳ ಮುಖ ನೋಡಿ ನಗು ನಿಂತಿತು. ಎಲ್ಲರೂ ಗುಡ್ಡದ ಮೇಲೆ ಸ್ಮಶಾನದ ಬೇಲಿ ಮುಟ್ಟುವ ಹೊತ್ತಿಗೆ ಹಳ್ಳ ಕೆಸರು, ಬಂಡೆ, ಬೇರುಸಹಿತ ಮರಗಳನ್ನು ಉರುಳಿಸಿಕೊಂಡು ಬಂತು. ಶಾಲೆಯ ಬೇಲಿ, ಸೌದೆ ಕೊಟ್ಟಿಗೆ, ಹನ್ನೊಂದು ಕುರಿ, ಶಾರಿಪಾ ಅಪಾಳ ತಂದೂರು, ಆರು ಏಪ್ರಿಕಾಟ್ ಮರ ಹೋದವು. ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಒಬ್ಬರೂ ಕಡಿಮೆ ಇರಲಿಲ್ಲ.

ಸಂಜೆ ಸಾಲ್ಕಿನಾಯ್‌ಗೆ ಫೋನ್ ಬಂತು. "ಮಗಳೇ, ನಾವೆಲ್ಲ ಚೆನ್ನಾಗಿದ್ದೀವಿ, ಮೊದ್ಲು ಅದನ್ನ ಕೇಳು. ಆದ್ರೆ ನಿನ್ನ ಯಂತ್ರಕ್ಕೆ ಏನೋ ಆಗಿದೆ. ನೂರ ಅರವತ್ತಮೂರು ಅಂತ ನನಗೆ ತೋರಿಸ್ತು, ತಾನು ಮಾತ್ರ ಬಾಯಿ ಬಿಡ್ಲಿಲ್ಲ."

ಮರುದಿನ ಬೆಳಿಗ್ಗೆ ಅವಳೂ ಹಾಶಿಮ್‌ಜಾನ್ ಅಕಾನೂ ಹೋದರು. ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಂಡು, ಅಂಗಳದ ಮೂಲೆಯಲ್ಲಿ ಉಳಿದುಕೊಂಡಿದ್ದ ಪೆಟ್ಟಿಗೆಗೆ ತಂತಿ ಸಿಕ್ಕಿಸಿದಳು. ಒಳಗಿನ ಅಪಾಯದ ಮಟ್ಟ ಎಷ್ಟಿದೆ ಅಂತ ಕೇಳಿದಳು. ನೂರ ನಲವತ್ತು ಅನ್ನಬೇಕಿದ್ದ ಜಾಗದಲ್ಲಿ ಐವತ್ತಮೂರು ಸಾವಿರದ ಇನ್ನೂರ ತೊಂಬತ್ತಮೂರು ಅಂತ ಬಂತು.

ಅಂದರೆ ನೀರು ಐನೂರ ಮೂವತ್ತಮೂರು ಮೀಟರ್ ಎತ್ತರಕ್ಕೆ ಬರಲಿ, ಆಮೇಲೆ ಕೂಗುತ್ತೇನೆ ಅಂತ ಸೈರನ್ ಕಾದು ಕೂತಿತ್ತು.

ಅವಳು ಪರದೆಯ ಮೇಲಿನ ಹೆಸರನ್ನು ನೋಡಿದಳು. ಆಮೇಲೆ ಬೆರಳು ಮಡಿಚುತ್ತ ಎಣಿಸಿದಳು. ಮಾಮಿರ್‌ಬಾಯ್, ಕಿರ್ಗಿಜ್ ಬರವಣಿಗೆಯಲ್ಲಿ ಎಂಟಕ್ಷರ, ಹದಿನಾರು ಖಾನೆ. ಅಲ್ಲಿಗೇ ಜಾಗ ಭರ್ತಿ. ನಡುವಿನ ಅಡ್ಡಗೆರೆಯೂ ಆತಾದ ಮೊದಲಕ್ಷರದ ಅರ್ಧವೂ ನೇರ ಹೋಗಿ ಅಪಾಯದ ಮಟ್ಟದ ಎರಡು ಖಾನೆಗಳ ಮೇಲೆ ಕೂತಿದ್ದವು. ಮಿಕ್ಕಿದ್ದು ಆಚೆಯ ಖಾಲಿ ಜಾಗಕ್ಕೆ. ಪರದೆ ಮಾತ್ರ ಸೊನ್ನೆ ಸಿಗುವವರೆಗೆ ಓದಿಕೊಂಡು ಹೋಗಿ ಹೆಸರನ್ನು ಪೂರ್ತಿ ತೋರಿಸುತ್ತಿತ್ತು. ಎರಡು ವರ್ಷ ಎಲ್ಲರೂ ಹೆಮ್ಮೆಪಟ್ಟು ನೋಡಿದ್ದು ಅದನ್ನೇ.

"ಅಕಾ, ಇದು ನಾನು."

ಹಾಶಿಮ್‌ಜಾನ್ ಅಕಾ ನೋಡಿದರು. ಕನ್ನಡಕ ತೆಗೆದರು. "ಬರೆದವಳು ನೀನು. ಓದದೆ ಸಹಿ ಹಾಕಿದವನು ನಾನು. ನಡಿ, ಇಬ್ಬರೂ ಹೇಳೋಣ."

ವಾಲ್‌ನಟ್ ಮರದ ಕೆಳಗೆ ಊರವರು ಸೇರಿದ್ದರು. ಸಾಲ್ಕಿನಾಯ್ ಎದ್ದು ನಿಂತಳು.

"ತಪ್ಪು ಮಳೇದಲ್ಲ, ಯಂತ್ರದ್ದೂ ಅಲ್ಲ, ನಂದು. ನಿಮ್ಮೂರ ಹೆಸರಿಗೆ ನಾನು ಇಟ್ಟಿದ್ದ ಜಾಗ ಚಿಕ್ಕದು. ಹೊಸ ಹೆಸರು ಅದರಲ್ಲಿ ಹಿಡೀಲಿಲ್ಲ, ಉಕ್ಕಿ ಹೋಗಿ ಅಪಾಯದ ಮಟ್ಟವನ್ನ ಅಳಿಸಿಹಾಕ್ತು. ಅದಕ್ಕೇ ಸೈರನ್ ಕೂಗ್ಲಿಲ್ಲ. ಅಳತೆ ನೋಡಿ ಹಾಕ್ಬೇಕಿತ್ತು, ನಾನು ನೋಡ್ಲಿಲ್ಲ."

ಊರಿನ ಮುಖ್ಯಸ್ಥ ಟೋಪ್ಚುಬಾಯ್ ಹಲ್ಲು ಕಚ್ಚಿದ. "ನನ್ನ ಮಗಳು ರಿಬ್ಬನ್ ಕಟ್ಕೊಂಡು ಆ ಬೇಲಿ ಪಕ್ಕದಲ್ಲೇ ನಿಂತಿದ್ಳು. ಗೊತ್ತಾ ನಿನಗೆ?"

"ಗೊತ್ತು" ಅಂದಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಣ್ಣು ಮುದುಕನೊಬ್ಬ ಗಂಟಲು ಸರಿಮಾಡಿಕೊಂಡ. "ಹಂಗಾದ್ರೆ ಸೈರನ್ ಬಾಯಿ ಮುಚ್ಚಿಸಿದ್ದು ನಮ್ಮ ಮಾಮಿರ್‌ಬಾಯ್ ಮೇಷ್ಟ್ರೇ ಅನ್ನು! ಬದುಕಿದ್ದಾಗ್ಲೂ ಅವರೆದುರಿಗೆ ಯಾರೂ ಕಿರುಚೋ ಹಂಗಿರ್ಲಿಲ್ಲ."

ಮೊದಲು ಒಬ್ಬಳು ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಳು, ಆಮೇಲೆ ಎಲ್ಲರೂ ನಕ್ಕರು. ಟೋಪ್ಚುಬಾಯ್ ನಗಲಿಲ್ಲ, ಆದರೆ ಕೂತುಕೊಂಡ. ಶಾರಿಪಾ ಅಪಾ ಸಾಲ್ಕಿನಾಯ್ ಕೈಗೆ ಚಹಾ ಬಟ್ಟಲು ಕೊಟ್ಟು ಊರವರ ಕಡೆ ತಿರುಗಿದಳು: "ಬಂದು ನಮ್ಮೆದುರು ನಿಂತು ಹೇಳಿದ್ಳಲ್ಲ. ಮನೇಲಿ ಕೂತು ಮಳೆಗೆ ಬೈದಿದ್ರೆ ನಮಗೇನು ಗೊತ್ತಾಗ್ತಿತ್ತು? ಕುಡಿ ಮಗಳೇ. ಕುಡಿದು ಹೋಗಿ ಸರಿ ಮಾಡು."

ಸರಿಮಾಡುವುದೂ ಸುಲಭವಾಗಲಿಲ್ಲ. ವರ್ಕ್‌ಶಾಪಿಗೆ ಬಂದವಳೇ, ಹದಿನಾರು ಖಾನೆಗಿಂತ ಹೆಚ್ಚು ನಕಲು ಮಾಡಬೇಡ ಅನ್ನುವ ಇನ್ನೊಂದು ಆಜ್ಞೆ ಹಾಕಿದಳು. ಈಗ ಮಟ್ಟ ಉಳಿಯಿತು, ಆದರೆ ಪರದೆಯ ಮೇಲೆ ಮಾಮಿರ್‌ಬಾಯ್ ಮುಂದೆ ಒಂದು ವಿಕಾರ ಚಿಹ್ನೆ ಕೂತಿತು.

"ಏನಿದು ಬಾಲ?" ಅಂದರು ಹಾಶಿಮ್‌ಜಾನ್ ಅಕಾ.

"ಕೊನೆಗೆ ಸೊನ್ನೆ ಹಾಕೋಕೆ ಜಾಗ ಉಳೀಲಿಲ್ಲ. ಆ ಆಜ್ಞೆ ತಾನಾಗಿ ಹಾಕಲ್ಲ. ಅದಕ್ಕೇ ಮುಂದಿನ ಅಂಕೀನೂ ಅಕ್ಷರ ಅಂತ ಓದ್ಕೊಂಡಿದೆ."

ಹದಿನೈದಕ್ಕೆ ಕತ್ತರಿಸಿ ಸೊನ್ನೆಯನ್ನು ತಾನೇ ಇಟ್ಟಳು. ಈ ಸಲ ಕೊನೆಯ ಅಕ್ಷರದ ಎರಡು ಖಾನೆಯಲ್ಲಿ ಒಂದು ಹೋಗಿ, ಅರ್ಧ ಅಕ್ಷರ ಉಳಿದು, ಅಲ್ಲೊಂದು ಪ್ರಶ್ನೆಚಿಹ್ನೆ ಮೂಡಿತು. ಅರ್ಧ ಅಕ್ಷರವಿದ್ದರೆ ಅದನ್ನು ಪೂರ್ತಿ ಬಿಟ್ಟುಬಿಡು ಅಂತ ಬರೆದಳು. ಪರದೆ 'ಮಾಮಿರ್‌ಬಾ' ಅಂದಿತು.

"ಈಗ ಏನೂ ಕೆಡಲ್ಲ ಅಕಾ."

"ಕೆಡಲ್ಲ ಸರಿ. ಆದ್ರೆ ಮೇಷ್ಟ್ರ ಹೆಸರು ಕತ್ತರಿಸಿ, ಕತ್ತರಿಸಿದೆ ಅಂತ ಯಾರಿಗೂ ಹೇಳದೆ ಸುಮ್ಮನಿರೋದು ಯಾವ ನ್ಯಾಯ? ಹಿಡೀಲಿಲ್ಲ ಅಂದ್ರೆ ಹಿಡೀಲಿಲ್ಲ ಅಂತ ಬಾಯಿಬಿಟ್ಟು ಹೇಳ್ಲಿ."

ಆ ಮಾತು ಅವಳಿಗೆ ನಾಟಿತು. ಮೂರು ದಿನ ಕೂತು ಒಂದು ಪುಟ್ಟ ನಕಲು ವಿಧಾನ ಬರೆದಳು, ಇಪ್ಪತ್ತು ಸಾಲೂ ಇಲ್ಲ. ಎಲ್ಲಿ ಇಡಬೇಕು ಅನ್ನುವುದರ ಜೊತೆ ಅಲ್ಲಿ ಎಷ್ಟು ಖಾನೆ ಇದೆ ಅಂತಲೂ ಅದಕ್ಕೆ ಹೇಳಲೇಬೇಕು. ಅದು ಮೊದಲು ಅಳೆಯುತ್ತದೆ, ಸೊನ್ನೆಯನ್ನೂ ಸೇರಿಸಿ. ಹಿಡಿದರೆ ಇಡುತ್ತದೆ. ಹಿಡಿಯದಿದ್ದರೆ ಹಳೆಯ ಹೆಸರನ್ನು ಮುಟ್ಟದೆ ಬಿಟ್ಟು, 'ಹೆಸರು ಉದ್ದವಾಯಿತು' ಅಂತ ಪರದೆಯ ಮೇಲೇ ಹೇಳುತ್ತದೆ. ಹೆಸರಿನ ಜಾಗವನ್ನು ಅರವತ್ತನಾಲ್ಕು ಖಾನೆಗೆ ಏರಿಸಿದಳು. ಪರೀಕ್ಷೆಯ ಗುಂಡಿಯನ್ನೂ ಬದಲಿಸಿದಳು: ಒತ್ತಿದರೆ ಸುಳ್ಳು ನೀರಿನ ಅಂಕಿಯೊಂದು ಹುಟ್ಟಿ, ನಿಜವಾದ ಮಟ್ಟದೊಂದಿಗೆ ಹೋಲಿಸಿಯೇ ಸೈರನ್ ಕೂಗಬೇಕು.

ಆ ಬೇಸಿಗೆಯಲ್ಲಿ ಮೂವತ್ತೇಳು ಊರುಗಳಿಗೆ ಹೋದಳು, ಕೆಲವಕ್ಕೆ ವ್ಯಾನಿನಲ್ಲಿ, ಎರಡಕ್ಕೆ ಕುದುರೆ ಮೇಲೆ. ಇನ್ನೂ ನಾಲ್ಕು ಪೆಟ್ಟಿಗೆಗಳಲ್ಲಿ ಹೆಸರು ಮಟ್ಟದ ಮೇಲೆ ಹರಿದಿತ್ತು. ಒಂದೊಂದನ್ನು ಸರಿಪಡಿಸಿದಾಗಲೂ ಅವಳು ಶಾರಿಪಾ ಅಪಾಗೆ ಫೋನ್ ಮಾಡಿ ಊರಿನ ಹೆಸರು ಹೇಳುತ್ತಿದ್ದಳು. ಅಪಾ ಆ ಹೆಸರುಗಳನ್ನು ನೀರಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಳಂತೆ. ಆ ನಾಲ್ಕರಲ್ಲಿ ಒಂದು ಊರಿಗೆ ಮುಂದಿನ ವಸಂತದಲ್ಲೇ ನೆರೆ ಬಂತು. ಸೈರನ್ ಆ ಊರಿನ ಅಪಾಯದ ಮಟ್ಟವಾದ ನೂರ ಇಪ್ಪತ್ತಕ್ಕೇ ಕೂಗಿತು, ಜನ ಕುರಿಗಳನ್ನೂ ಹೊಡೆದುಕೊಂಡು ಮೇಲೆ ಹತ್ತಿದರು. ಸುದ್ದಿ ಬಂದಾಗ ಸಾಲ್ಕಿನಾಯ್ ಮಾರುಕಟ್ಟೆಯಲ್ಲಿ ಕ್ಯಾರೆಟ್ ಆರಿಸುತ್ತಿದ್ದಳು. ಆರಿಸಿದ್ದನ್ನೆಲ್ಲ ತಕ್ಕಡಿಯ ಮೇಲೇ ಬಿಟ್ಟು, ಖಾಲಿ ಚೀಲ ಹಿಡಿದು ಮನೆಗೆ ಬಂದಳು.

ಈಗ ಅವಳಿಗೆ ನಲವತ್ತೈದು. ಹಾಶಿಮ್‌ಜಾನ್ ಅಕಾಗೆ ಕೈ ನಡುಗುತ್ತದೆ, ಆದರೂ ವಾರಕ್ಕೆರಡು ಸಲ ವರ್ಕ್‌ಶಾಪಿಗೆ ಬಂದು ಕೋಡ್ ಓದುತ್ತಾರೆ. ಓದದೆ ಸಹಿ ಹಾಕುವುದನ್ನು ಬಿಟ್ಟು ಹದಿನಾಲ್ಕು ವರ್ಷವಾಯಿತು. ಸಾಲ್ಕಿನಾಯ್ ವಾರಕ್ಕೊಂದು ದಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮೊದಲ ತರಗತಿಯಲ್ಲಿ ಆ ಮೇ ತಿಂಗಳ ಕಥೆಯನ್ನು ತನ್ನ ಹೆಸರು ಮುಚ್ಚದೆ ಹೇಳುತ್ತಾಳೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಅಕ್ಕಾ, ಇದನ್ನ ಹೇಳ್ಕೊಳ್ಳೋಕೆ ನಿಮಗೆ ನಾಚ್ಕೆ ಆಗಲ್ವಾ?" "ಆಗುತ್ತೆ. ಅದಕ್ಕೇ ಎಲ್ಲರಿಗೂ ಕೇಳಿಸೋ ಹಾಗೆ ಹೇಳ್ತೀನಿ" ಅಂದಳು.

ಹೋದ ಚಳಿಗಾಲದಲ್ಲಿ ಶಾರಿಪಾ ಅಪಾಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಓಶ್‌ನಲ್ಲಿ ಅವಳಿಗೆ ನೆಂಟರಿದ್ದರು, ಆದರೆ ಸಾಲ್ಕಿನಾಯ್ ಬಸ್ಸಿನ ಬಾಗಿಲಲ್ಲೇ ಗಂಟು ಕಿತ್ತುಕೊಂಡು ತನ್ನ ಮನೆಗೆ ಕರೆತಂದಳು. ಒಂದು ತಿಂಗಳು ಇಟ್ಟುಕೊಂಡಳು. ಅಪಾ ಸೋಫಾದ ಮೇಲೆ ಮಲಗದೆ ನೆಲದ ಮೇಲೆ ಹಾಸಿಗೆ ಹಾಕಿಸಿಕೊಂಡಳು, ಪಲಾವಿಗೆ ಎಣ್ಣೆ ಸಾಲದು ಅಂತ ದಿನಾ ಜಗಳ ತೆಗೆದಳು, ಅಕ್ಕಪಕ್ಕದ ಮನೆಯವರ ಸಂಸಾರದ ಗುಟ್ಟನ್ನೆಲ್ಲ ಒಂದೇ ವಾರದಲ್ಲಿ ತಿಳಿದುಕೊಂಡಳು.

ಪಟ್ಟಿ ಬಿಚ್ಚಿದ ದಿನ ಕಿಟಕಿ ಹತ್ತಿರ ಕೂತು ಸುಲೈಮಾನ್ ಗುಡ್ಡವನ್ನು ಕಣ್ಣು ತುಂಬ ನೋಡುತ್ತಿದ್ದಳು. ಸಾಲ್ಕಿನಾಯ್ ಪಕ್ಕದಲ್ಲಿ ಕೂತಳು. ಇಷ್ಟು ವರ್ಷ ಹೇಳದೆ ಉಳಿದದ್ದು ಆಗ ಹೊರಗೆ ಬಂತು.

"ಅಪಾ, ನೀವು ಅವತ್ತು ಮುಚ್ಚಳ ಬಡೀದೆ ಇದ್ದಿದ್ರೆ ನಾನು ಇವತ್ತು ಯಾವ ಮುಖ ಇಟ್ಕೊಂಡು ಬದುಕ್ತಿದ್ದೆ? ನಿಮ್ಮ ಉಪಕಾರಕ್ಕೆ ನಾನು ಸರಿಯಾಗಿ ರಹ್ಮತ್ ಅಂತ ಕೂಡ ಹೇಳಿಲ್ಲ."

"ಹದಿನಾಲ್ಕು ವರ್ಷದಿಂದ ನೀನು ಫೋನ್ ಮಾಡಿದ್ದೆಲ್ಲ ಮತ್ತೇನು? ಮೇ ತಿಂಗಳು ಬಂತಂದ್ರೆ ದಿನಕ್ಕೆರಡು ಸಲ. ನನ್ನ ಹೆತ್ತ ಮಕ್ಕಳೇ ಅಷ್ಟು ಮಾಡಲ್ಲ." ಅಪಾ ಹೊಸ ಕಣ್ಣಿನಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಯ್ಯೋ, ನಿನಗೂ ಕೂದ್ಲು ನರೆತಿದೆಯಲ್ಲೇ! ಇಷ್ಟು ದಿನ ಕಾಣ್ತಾನೇ ಇರ್ಲಿಲ್ಲ."

ಸಾಲ್ಕಿನಾಯ್ ಅಳುತ್ತಲೇ ನಕ್ಕಳು. ಆಮೇಲೆ ಇಬ್ಬರಿಗೂ ಚಹಾ ಕಾಯಿಸಲು ಎದ್ದುಹೋದಳು.